ಹಸಿರು ಬಣ್ಣದಡಿಯ ನಂಬರು

ವಾರಂಗಲ್ ಹೆದ್ದಾರಿ ಹೈದರಾಬಾದನ್ನು ಬಿಟ್ಟು ಹೊರಡುವಲ್ಲಿ ಉಪ್ಪಲ್ ಸಿಗುತ್ತದೆ. ಕ್ರಿಕೆಟ್ ನೋಡುವವರಿಗೆ ಇದು ಸ್ಟೇಡಿಯಂ ಇರುವ ಊರು. ಭೂಕಂಪದ ಸುದ್ದಿ ಓದುವವರಿಗೆ, 1961ರಲ್ಲಿ ಹುಟ್ಟಿದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಳಾಸದಲ್ಲಿ ಬರುವ ಹೆಸರು. ಈ ಎರಡೂ ಗುಂಪಿನವರು ಗಮನಿಸದ ಮೂರನೆಯ ಉಪ್ಪಲ್ ಒಂದಿದೆ. ಅದು ಲೇತು, ಡ್ರಿಲ್ಲಿಂಗ್ ಮಷೀನು, ವೆಲ್ಡಿಂಗ್ ಸೆಟ್ಟುಗಳ ಕೈಗಾರಿಕಾ ಪ್ರದೇಶ. ನಾಚಾರಂ, ಮಲ್ಲಾಪುರಗಳ ಶೆಡ್ಡುಗಳೂ ಇದರ ನೆರೆಹೊರೆಯವೇ. 2012ರ ಸುಮಾರಿಗೆ ಅವಿಭಜಿತ ಆಂಧ್ರಪ್ರದೇಶದಲ್ಲಿ ಕಾರ್ಖಾನೆಗಳಿಗೆ ವಿದ್ಯುತ್ ನಿಲ್ಲಿಸುವ ‘ಪವರ್ ಹಾಲಿಡೇ’ ಘೋಷಣೆಯಾದಾಗ ಇಂಥ ಸಣ್ಣ ಶೆಡ್ಡುಗಳಿಗೆ ಬಿದ್ದ ಪೆಟ್ಟು ದೊಡ್ಡದು. ಹೊಸ ಡೀಸೆಲ್ ಜನರೇಟರ್ ಕೊಳ್ಳುವ ಶಕ್ತಿ ಇಲ್ಲದವರು ಹಳೆಯದನ್ನು ಹುಡುಕುತ್ತಾರೆ. ಹಳೆಯದರಲ್ಲಿ ಒಂದು ವಿಶೇಷ ಜಾತಿ ಇದೆ. ಕಡು ಹಸಿರು ಬಣ್ಣ, ದಪ್ಪ ತಗಡು, ಎರಡು ಚಕ್ರದ ಟ್ರೇಲರ್ ಮೇಲೆ ಕೂತ ಮೈಕಟ್ಟು: ಸೇನೆ ಉಪಯೋಗಿಸಿ ಕೈಬಿಟ್ಟ ಜನರೇಟರು.

ಇದರ ಹುಟ್ಟುಗುಣ ಅರಿಯಲು ದೂರ ಹೋಗಬೇಕಿಲ್ಲ. ಉಪ್ಪಲ್‌ನಿಂದ ಹತ್ತು ಹದಿನೈದು ಕಿಲೋಮೀಟರ್ ಆಚೆಗೆ, ಸಿಕಂದರಾಬಾದಿನ ದಂಡು ಪ್ರದೇಶದಲ್ಲಿ ಭೂಸೇನೆಯ ಎರಡು ದಳಗಳ ತರಬೇತಿ ಕೇಂದ್ರಗಳಿವೆ. ಒಂದು ಯಂತ್ರಗಳನ್ನು ರಿಪೇರಿ ಮಾಡುವ ಇಎಂಇ ದಳದ್ದು, ಇನ್ನೊಂದು ಬಿಡಿಭಾಗಗಳನ್ನು ದಾಸ್ತಾನು ಮಾಡಿ ಹಂಚುವ ಆರ್ಡ್‌ನನ್ಸ್ ದಳದ್ದು. ಸೇನೆಯ ಯಂತ್ರ ಕೆಟ್ಟಾಗ ಒಬ್ಬರು ಸ್ಪ್ಯಾನರ್ ಹಿಡಿಯುತ್ತಾರೆ, ಇನ್ನೊಬ್ಬರು ಕಪಾಟು ತೆರೆಯುತ್ತಾರೆ. ರಿಪೇರಿಯ ಖರ್ಚು ಯಂತ್ರದ ಬೆಲೆಯನ್ನು ಮೀರುತ್ತದೆ ಎಂದು ಲೆಕ್ಕ ಹೇಳಿದ ದಿನ ಅದು ‘ಕಂಡಮ್’. ಗಮನಿಸಿ, ಇದು ಹಣಕಾಸಿನ ತೀರ್ಪು, ಲೋಹದ ತೀರ್ಪಲ್ಲ. ಸೇನೆಯ ಲೆಕ್ಕದಲ್ಲಿ ಸತ್ತ ಯಂತ್ರದೊಳಗೆ ಇನ್ನೂ ಸಾವಿರಾರು ಗಂಟೆ ಓಡಬಲ್ಲ ಕ್ರ್ಯಾಂಕ್‌ಶಾಫ್ಟ್ ಇರಬಹುದು.

ಹಿಂದೆ ಸರ್ಕಾರದ ಬೇಡವಾದ ಸಾಮಾನು ವಿಲೇವಾರಿಯ ಕೆಲಸ ಡಿಜಿಎಸ್‌ಅಂಡ್‌ಡಿ ಎಂಬ ಇಲಾಖೆಯದಾಗಿತ್ತು. ಹೆಸರಿನ ಕೊನೆಯ ‘ಡಿ’ ಎಂದರೆ ವಿಲೇವಾರಿಯೇ. 2017ರ ಅಕ್ಟೋಬರ್ ಕೊನೆಗೆ ಅದು ಮುಚ್ಚಿತು. 1964ರಲ್ಲಿ ಸ್ಥಾಪನೆಯಾದ, ಕೋಲ್ಕತ್ತದ ಸರ್ಕಾರಿ ಕಂಪನಿ ಎಂಎಸ್‌ಟಿಸಿ ನಡೆಸುವ ಆನ್‌ಲೈನ್ ಹರಾಜಿನಲ್ಲಿ ಇಂದು ಇಂಥ ಮಾಲು ಲಾಟು ಲಾಟಾಗಿ ಬಿಕರಿಯಾಗುತ್ತದೆ. ಷರತ್ತು ಒಂದೇ ಸಾಲಿನದು: ಇದ್ದಲ್ಲೇ, ಇದ್ದ ಹಾಗೇ. ಕೈಪಿಡಿ ಕೊಡುವುದಿಲ್ಲ, ವಾರಂಟಿ ಇಲ್ಲ, ಕೇಳಿದರೆ ಉತ್ತರಿಸುವವರೂ ಇಲ್ಲ. ಮಾಡಿದ ಕಂಪನಿ ಎಷ್ಟೋ ಸಲ ಬಾಗಿಲು ಹಾಕಿರುತ್ತದೆ. ಹಾಗಿದ್ದೂ ಈ ಜನರೇಟರುಗಳು ಓಡುತ್ತವೆ. ಕಂಪನಿಯೇ ಇಲ್ಲದ ಯಂತ್ರಕ್ಕೆ ಬಿಡಿಭಾಗ ಎಲ್ಲಿಂದ ಬರುತ್ತದೆ?

ಉತ್ತರ ಹಸಿರು ಬಣ್ಣದ ಕೆಳಗಿದೆ. ವೈರ್ ಬ್ರಷ್ ಹಾಕಿ ಕೆರೆದರೆ ಒಂದು ತಗಡಿನ ಪಟ್ಟಿ ಕಾಣುತ್ತದೆ. ವಿದೇಶಿ ಮೂಲದ ಯಂತ್ರವಾಗಿದ್ದರೆ ಆ ಪಟ್ಟಿಯ ಮೇಲೆ ಹದಿಮೂರು ಅಂಕಿಗಳ ಒಂದು ಸಂಖ್ಯೆ ಇರುವ ಸಾಧ್ಯತೆ ಹೆಚ್ಚು. ಆ ಸಂಖ್ಯೆಯ ಹಿಂದೆ ಒಂದು ಕಥೆಯಿದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗೆ ಒಂದು ವಿಚಿತ್ರ ಕಷ್ಟ ಎದುರಾಗಿತ್ತು. ಒಂದೇ ಬೇರಿಂಗ್ ಹತ್ತಾರು ಹೆಸರುಗಳಲ್ಲಿ, ಹತ್ತಾರು ಗೋದಾಮುಗಳಲ್ಲಿ ಬಿದ್ದಿರುತ್ತಿತ್ತು. ಇಲ್ಲಿ ಇಲ್ಲವೆಂದು ಹೊಸದಾಗಿ ತರಿಸಿದರೆ, ಪಕ್ಕದ ಗೋದಾಮಿನಲ್ಲಿ ಬೇರೆ ಹೆಸರಿನಲ್ಲಿ ರಾಶಿ ಇರುತ್ತಿತ್ತು. ಈ ಗೊಂದಲ ತೀರಿಸಲು, ಒಂದು ವಸ್ತುವಿಗೆ ಒಂದೇ ಗುರುತು ಇರಬೇಕೆಂದು 1952ರಲ್ಲಿ ಅಮೆರಿಕ ಕಾನೂನನ್ನೇ ಮಾಡಿತು. ಅದೇ ಪದ್ಧತಿ ಮುಂದೆ ನೇಟೋ ದೇಶಗಳಿಗೂ, ಆಮೇಲೆ ಹೊರಗಿನ ಹಲವು ದೇಶಗಳಿಗೂ ಹಬ್ಬಿತು. ಮೊದಲ ನಾಲ್ಕು ಅಂಕಿ ವಸ್ತುವಿನ ಕುಲ: 6115 ಎಂದರೆ ವಿದ್ಯುತ್ ಜನರೇಟರ್, 2330 ಎಂದರೆ ಟ್ರೇಲರ್, 3110 ಬೇರಿಂಗು, 5330 ಗ್ಯಾಸ್ಕೆಟ್ಟು-ಸೀಲು. ನಂತರದ ಎರಡು ಅಂಕಿ ದೇಶ: 99 ಬ್ರಿಟನ್, 12 ಜರ್ಮನಿ, 00 ಅಥವಾ 01 ಅಮೆರಿಕ. ಉಳಿದ ಏಳು ಆ ವಸ್ತುವಿನದೇ ಸ್ವಂತ ಗುರುತು.

ಈ ಸಂಖ್ಯೆಯ ನಿಜವಾದ ಬೆಲೆ ತಿಳಿಯುವುದು ಅದನ್ನು ಮೀರಿದಾಗ. ಸೇನೆ ಬೇರಿಂಗ್ ತಯಾರಿಸುವುದಿಲ್ಲ, ಕೊಳ್ಳುತ್ತದೆ. ಹಾಗಾಗಿ ಸೇನಾ ಸಂಖ್ಯೆಯ ಕವಚ ಬಿಚ್ಚಿದರೆ ಒಳಗೆ ಇರುವುದು ಪೇಟೆಯ ಬೇರಿಂಗೇ. ವಿದ್ಯುತ್ ಹುಟ್ಟಿಸುವ ಭಾಗವಾದ ಆಲ್ಟರ್ನೇಟರಿನ ತುದಿಯ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ನೋಡಿ. 6308 ಎಂದೋ 6312 ಎಂದೋ ಕೊರೆದಿರುತ್ತದೆ. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳವ್ಯಾಸ ಸಿಕ್ಕಿತು: 08 ಎಂದರೆ 40 ಮಿಲಿಮೀಟರ್, 12 ಎಂದರೆ 60. 6308ರ ಹೊರವ್ಯಾಸ 90, ದಪ್ಪ 23. ಸ್ವೀಡನ್ನಿನದಾಗಲಿ, ಜಪಾನಿನದಾಗಲಿ, ನಮ್ಮದೇ ಆಗಲಿ, ಅಳತೆ ಕೂದಲೆಳೆಯೂ ಬದಲಾಗದು. ಅಂತರರಾಷ್ಟ್ರೀಯ ಮಾನಕವೊಂದು ಅದನ್ನು ಹಿಡಿದಿಟ್ಟಿದೆ. ಅಂಕಿ ಸವೆದುಹೋಗಿದ್ದರೆ ವರ್ನಿಯರ್ ಕ್ಯಾಲಿಪರ್‌ನಿಂದ ಮೂರು ಅಳತೆ ತೆಗೆದರೆ ಸಾಕು. ಆಯಿಲ್ ಸೀಲಿಗೂ ಇದೇ ಮಾತು: ಒಳ, ಹೊರ, ದಪ್ಪ.

ಹೀಗೆ ಅಳತೆ ಬರೆದುಕೊಂಡ ಚೀಟಿ ಹಿಡಿದು ಹೋಗಬೇಕಾದ ಜಾಗ ಸಿಕಂದರಾಬಾದಿನ ರಾಣಿಗಂಜ್. ಪಂಪು, ಮೋಟರು, ಬೇರಿಂಗು, ಬೆಲ್ಟು, ಪೈಪುಗಳ ಹಳೆಯ ಪೇಟೆ ಅದು. ಬೀದರ್, ಚಿಂಚೋಳಿ, ಸೇಡಂ ಕಡೆಯವರಿಗೆ ಇಂಥ ಸಾಮಾನಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಅಂಗಡಿಯವನಿಗೆ ಜನರೇಟರಿನ ಕಥೆ ಬೇಕಿಲ್ಲ, ಮೂರು ಅಂಕಿ ಹೇಳಿದರೆ ಡಬ್ಬಿ ಕೈಗೆ ಬರುತ್ತದೆ. ‘ಮಿಲಿಟರಿ ಜನರೇಟರಿನ ಬೇರಿಂಗ್ ಇದೆಯಾ’ ಎಂದು ಕೇಳಿದವರಿಗೆ ಇಲ್ಲ ಎಂಬ ಉತ್ತರವೇ ಸಿಗುವುದು, ಸಿಕ್ಕರೂ ಬೆಲೆ ಎರಡರಷ್ಟಿರುತ್ತದೆ.

ಈ ಸಲೀಸು ಬೋಲ್ಟು-ನಟ್ಟಿಗೆ ಬಂದಾಗ ಮುಗ್ಗರಿಸುತ್ತದೆ. ಬ್ರಿಟನ್ನಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ತಿರುಪಿನ ಹಲ್ಲಿಗೆ 55 ಡಿಗ್ರಿ ಕೋನ ಗೊತ್ತುಮಾಡಿದ. ಅಮೆರಿಕದ ವಿಲಿಯಂ ಸೆಲರ್ಸ್ 1864ರಲ್ಲಿ 60 ಡಿಗ್ರಿ ಎಂದ. ಐದು ಡಿಗ್ರಿಯ ಈ ಜಗಳ ಎರಡನೆಯ ಮಹಾಯುದ್ಧದವರೆಗೆ ಎಳೆಯಿತು. ಬ್ರಿಟನ್ನಿನ ಮರ್ಲಿನ್ ವಿಮಾನ ಎಂಜಿನನ್ನು ಅಮೆರಿಕದ ಪ್ಯಾಕರ್ಡ್ ಕಂಪನಿ ತಯಾರಿಸಲು ಹೊರಟಾಗ, ಬ್ರಿಟಿಷ್ ಹಲ್ಲು ಕೊರೆಯುವ ಟ್ಯಾಪುಗಳನ್ನೂ ತಾನೇ ಮಾಡಿಕೊಳ್ಳಬೇಕಾಯಿತು. ಕೊನೆಗೆ 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಸೇರಿ ‘ಯೂನಿಫೈಡ್’ ಹಲ್ಲಿಗೆ ಒಪ್ಪಿದವು. ನಾವು 1956ರಲ್ಲಿ ಕಾನೂನು ಮಾಡಿ ಮೆಟ್ರಿಕ್‌ಗೆ ಹೊರಳಿದೆವು. ಪರಿಣಾಮ ನೋಡಿ. ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಲ್ಲಿ ಜಬಲ್‌ಪುರದಲ್ಲಿ ತಯಾರಾದ ಶಕ್ತಿಮಾನ್ ಲಾರಿ ಮಿಲಿಮೀಟರಿನ ಯಂತ್ರ. ಜೀಪಿನ ವಂಶದ್ದು ಅಮೆರಿಕನ್ ಇಂಚು. ಲಿಸ್ಟರ್ ಮಾದರಿಯ ಹಳೆಯ ಡೀಸೆಲ್ ಎಂಜಿನ್ ಬ್ರಿಟಿಷ್ ಇಂಚು. ಮೂರೂ ಒಂದೇ ಸೇನೆಯ ಹಸಿರು ಬಣ್ಣ ಬಳಿದುಕೊಂಡು ಬರುತ್ತವೆ.

ಇಲ್ಲೊಂದು ಗುಂಡಿ ಇದೆ. ಕಾಲು ಇಂಚು, ಮೂರೆಂಟಾಂಶ ಇಂಚಿನ ಬೋಲ್ಟುಗಳಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಒರಟು ಹಲ್ಲುಗಳ ಸಂಖ್ಯೆ ಒಂದೇ, ಇಂಚಿಗೆ ಕ್ರಮವಾಗಿ 20 ಮತ್ತು 16. ನಟ್ಟು ಏರುತ್ತದೆ, ಬಿಗಿಯೂ ಆಗುತ್ತದೆ. ಆದರೆ ಕೋನ ಬೇರೆಯಾದ್ದರಿಂದ ಹಲ್ಲು ಪೂರ್ತಿ ಮೈಗೆ ಮೈ ಕೂರುವುದಿಲ್ಲ, ಅಂಚಿನಲ್ಲಷ್ಟೇ ಕಚ್ಚುತ್ತದೆ. ಅರ್ಧ ಇಂಚಿಗೆ ಬಂದರೆ ಬ್ರಿಟಿಷರದು 12, ಅಮೆರಿಕನ್ನರದು 13. ಎರಡು ಸುತ್ತು ಸಲೀಸಾಗಿ ತಿರುಗಿ ಮೂರನೆಯದರಲ್ಲಿ ನಿಂತರೆ ಎಣ್ಣೆ ಬಿಟ್ಟು ಪೈಪ್ ಸಿಗಿಸಿ ತಿರುಗಿಸುವ ಚಪಲ ಯಾರಿಗಾದರೂ ಬರುತ್ತದೆ. ಎಂಜಿನ್ ಬ್ಲಾಕಿನ ಹಲ್ಲು ಹಾಳಾಗುವುದು ಆ ಗಳಿಗೆಯಲ್ಲೇ. ಹತ್ತು ರೂಪಾಯಿಯ ಬೋಲ್ಟಿನಿಂದ ಬ್ಲಾಕನ್ನೇ ಗುಜರಿಗೆ ಹಾಕುವ ಸ್ಥಿತಿ ಬರಬಹುದು. ಹಲ್ಲಿನ ಅಳತೆ ಗುರುತಿಸುವ ಥ್ರೆಡ್ ಗೇಜ್ ಎಂಬ ಅಗ್ಗದ ಉಪಕರಣವನ್ನು ಜೇಬಿನಲ್ಲಿಟ್ಟುಕೊಳ್ಳದ ಮೆಕ್ಯಾನಿಕ್ಕಿಗೆ ಹಳೆಯ ಮಿಲಿಟರಿ ಯಂತ್ರ ಕೊಡಬಾರದು ಎಂಬುದು ನನ್ನ ಅಭಿಪ್ರಾಯ.

ಇಷ್ಟರವರೆಗೆ ಹೇಳಿದ್ದು ಅದಲುಬದಲು ಮಾಡಬಹುದಾದ ಭಾಗಗಳ ಮಾತು. ಡೀಸೆಲ್ ಎಂಜಿನ್ನಿನಲ್ಲಿ ಇದಕ್ಕೆ ಪೂರ್ತಿ ವಿರುದ್ಧವಾದ ಭಾಗ ಒಂದಿದೆ, ಇಂಧನ ಚಿಮ್ಮಿಸುವ ಪಂಪಿನ ಎಲಿಮೆಂಟು. ಒಂದು ಉಕ್ಕಿನ ಕೊಳವೆ, ಅದರೊಳಗೆ ಜಾರುವ ಒಂದು ಉಕ್ಕಿನ ಕಡ್ಡಿ. ನಡುವಿನ ಸಂದು ಮೀಟರಿನ ಹತ್ತು ಲಕ್ಷದಲ್ಲಿ ಎರಡು ಮೂರು ಪಾಲು ಮಾತ್ರ. ರಬ್ಬರ್ ಇಲ್ಲ, ವಾಷರ್ ಇಲ್ಲ. ನೂರಾರು ವಾತಾವರಣಗಳ ಒತ್ತಡದ ಡೀಸೆಲ್ಲನ್ನು ತಡೆದು ನಿಲ್ಲಿಸುವುದು ಆ ಕಿರಿದಾದ ಸಂದೇ. ಇಷ್ಟು ನಿಖರತೆಯನ್ನು ಬೇರೆಬೇರೆಯಾಗಿ ಕಡೆದು ಸಾಧಿಸುವುದು ಕಷ್ಟ. ಎರಡನ್ನೂ ಆರಿಸಿ ಜೊತೆಮಾಡಿ, ಒಂದರ ಮೇಲೊಂದು ಉಜ್ಜಿ ಹೊಂದಿಸುತ್ತಾರೆ. ಒಟ್ಟಿಗೇ ಸವೆದ ಬೀಸುಕಲ್ಲಿನ ಮೇಲ್ಗಲ್ಲು ಕೆಳಗಲ್ಲುಗಳ ಹಾಗೆ, ಇವನ್ನು ಬೇರ್ಪಡಿಸಿ ಇನ್ನೊಂದರ ಜೊತೆ ಸೇರಿಸುವಂತಿಲ್ಲ. ನಾಲ್ಕು ಸಿಲಿಂಡರಿನ ಪಂಪ್ ಬಿಚ್ಚಿ ನಾಲ್ಕೂ ಕಡ್ಡಿಗಳನ್ನು ಒಂದೇ ತಟ್ಟೆಯಲ್ಲಿ ತೊಳೆದಿಟ್ಟವನು ಪಂಪನ್ನು ಕೊಂದಂತೆಯೇ.

ನಮ್ಮ ಅದೃಷ್ಟಕ್ಕೆ ಈ ಭಾಗ ಹುಡುಕಲು ಕನ್ನಡಿಗರು ಹೆಚ್ಚು ಅಲೆಯಬೇಕಿಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೋ, ಇಂದಿನ ಬಾಷ್, ಆಡುಗೋಡಿಯ ಕಾರ್ಖಾನೆಯಿಂದ ದೇಶದ ಬಹಳಷ್ಟು ಡೀಸೆಲ್ ಎಂಜಿನ್‌ಗಳಿಗೆ ಪಂಪು, ನಾಝಲ್ ಒದಗಿಸಿತು. ಲಾರಿಗೂ ಅದೇ, ಟ್ರ್ಯಾಕ್ಟರಿಗೂ ಅದೇ, ಸೇನೆಯ ಜನರೇಟರಿಗೂ ಅದೇ. ಹಾಗಾಗಿ ಭಾರತದಲ್ಲಿ ತಯಾರಾದ ಸೇನಾ ಜನರೇಟರಿನ ಪಂಪ್ ಕೆಟ್ಟರೆ, ಯಾವುದೇ ತಾಲ್ಲೂಕು ಕೇಂದ್ರದ ಪಂಪ್ ಕ್ಯಾಲಿಬ್ರೇಷನ್ ಅಂಗಡಿಯಲ್ಲಿ ಅದಕ್ಕೆ ಮದ್ದಿದೆ. ಆಲ್ಟರ್ನೇಟರಿನ ಕಡೆಯಲ್ಲೂ ಬೆಂಗಳೂರಿನ ನೆರಳಿದೆ. 1946ರಲ್ಲಿ ಹುಟ್ಟಿದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಅಲ್ಲಿಯದೇ. ಕಂಡಮ್ ಮಾಲಿನಲ್ಲಿ ಆಯ್ಕೆ ಇದ್ದರೆ ದೇಶೀ ಎಂಜಿನ್, ದೇಶೀ ಆಲ್ಟರ್ನೇಟರ್ ಇರುವುದನ್ನೇ ಆರಿಸಿ. ವಿದೇಶಿ ಯಂತ್ರದ ಕಟ್ಟುಮಸ್ತು ಮೈ ನೋಡಿ ಮರುಳಾಗುವುದು ಸುಲಭ, ಆದರೆ ಅದರ ಪಂಪಿನ ಎಲಿಮೆಂಟ್ ಹುಡುಕುತ್ತ ವರ್ಷ ಕಳೆಯಬಹುದು.

ಟ್ರೇಲರಿಗೆ ಬರೋಣ. ಎರಡು ಚಕ್ರ, ಒಂದು ಅಚ್ಚು, ಕಮಾನ್ ಪಟ್ಟಿ, ಮುಂದೆ ಒಂದು ಉಕ್ಕಿನ ಬಳೆ. ಬಳೆಯ ಒಳವ್ಯಾಸ ಮೂರು ಇಂಚಿನ ಆಸುಪಾಸು. ಸೇನೆಯ ಲಾರಿಯ ಹಿಂದಿನ ಕೊಕ್ಕೆಗೆ ಅದು ಸಡಿಲವಾಗಿಯೇ ಕೂರುತ್ತದೆ. ಹಳ್ಳಕೊಳ್ಳದಲ್ಲಿ ಲಾರಿ ಒಂದು ಕಡೆ, ಟ್ರೇಲರ್ ಇನ್ನೊಂದು ಕಡೆ ವಾಲಬೇಕಲ್ಲ. ಡಾಂಬರು ರಸ್ತೆಯಲ್ಲಿ ಇದೇ ಸಡಿಲ ‘ಧಡಕ್ ಧಡಕ್’ ಎಂದು ಜಗ್ಗುತ್ತದೆ, ಬಳೆ ಒಂದೇ ಬದಿಗೆ ಸವೆಯುತ್ತದೆ. ಸವೆದ ಬಳೆಗೆ ವೆಲ್ಡಿಂಗ್ ತುಂಬಿಸುವುದು ಎಲ್ಲ ಕಡೆ ನಡೆಯುವ ಕೆಲಸ. ಆದರೆ ಅದು ಕಾಯಿಸಿ ಹದಮಾಡಿದ ಉಕ್ಕು. ವೆಲ್ಡಿಂಗಿನ ಶಾಖ ಹದವನ್ನು ಕೆಡಿಸಿದರೆ, ಬಿರುಕು ಬಿಡುವುದು ವೆಲ್ಡಿನ ಪಕ್ಕದಲ್ಲಿ, ಅದೂ ರಸ್ತೆಯ ಮೇಲೆ. ಬಳೆಯನ್ನು ಬದಲಿಸುವುದೇ ಸರಿ. ಜನರೇಟರನ್ನು ಇಳಿಸಿ ಮತ್ತೆ ಕೂರಿಸುವಾಗ ತೂಕದ ಸುಮಾರು ಹತ್ತನೆಯ ಒಂದು ಪಾಲು ಮುಂದಿನ ಬಳೆಯ ಮೇಲೆ ಬೀಳುವಂತಿರಬೇಕು. ಹಿಂದೆ ಭಾರವಾದ ಟ್ರೇಲರ್ ವೇಗ ಏರಿದಂತೆ ಬಾಲ ಆಡಿಸತೊಡಗುತ್ತದೆ. ಬ್ರೇಕ್ ಹಾಕಿದರೆ ಇನ್ನೂ ಜೋರಾಗಿ ಆಡಿಸುತ್ತದೆ.

ಟೈರಿನ ಹೂವು ನೋಡಿ ಮೋಸಹೋಗಬಾರದು. ವರ್ಷಗಟ್ಟಲೆ ನಿಂತ ಟ್ರೇಲರಿನ ಟೈರು ಸವೆದಿರುವುದಿಲ್ಲ, ಗಾಳಿಯಲ್ಲಿನ ಓಜೋನ್ ಅದನ್ನು ಪಕ್ಕಗಳಲ್ಲಿ ಸೀಳಿರುತ್ತದೆ. 2000ದ ನಂತರದ ಟೈರಾದರೆ ಅದರ ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿ ಓದಿ: 2315 ಎಂದರೆ 2015ನೇ ಇಸವಿಯ 23ನೇ ವಾರ.

ಇದಕ್ಕಿಂತ ಸ್ವಾರಸ್ಯದ್ದು ಬೇರಿಂಗಿನ ಒಂದು ರೋಗ. 1930ರ ದಶಕದಲ್ಲಿ ಅಮೆರಿಕದ ಕಾರು ಕಂಪನಿಗಳಿಗೆ ಒಂದು ಒಗಟು ಎದುರಾಯಿತು. ರೈಲಿನಲ್ಲಿ ಸಾಗಿಸಿದ ಹೊಚ್ಚಹೊಸ ಕಾರುಗಳ ಚಕ್ರದ ಬೇರಿಂಗುಗಳು ಒಂದು ಮೈಲಿಯೂ ಓಡದೆಯೇ ಹಾಳಾಗಿರುತ್ತಿದ್ದವು. ಚಕ್ರ ತಿರುಗದೆ ಗಾಡಿ ಮಾತ್ರ ಅಲುಗಾಡುತ್ತಿದ್ದರೆ, ಬೇರಿಂಗಿನ ಗುಂಡುಗಳು ಒಂದೇ ಜಾಗದಲ್ಲಿ ಕುಕ್ಕುತ್ತವೆ. ನಡುವಿನ ಗ್ರೀಸ್ ಹಿಂಡಿಹೋಗಿ ಲೋಹಕ್ಕೆ ಲೋಹ ತಾಗಿ, ಸಾಲಾಗಿ ಗುಳಿ ಬೀಳುತ್ತವೆ. ಟ್ರೇಲರಿನ ಮೇಲೆ ಕೂತು ನೂರಾರು ಮೈಲಿ ಸಾಗಿದ ಜನರೇಟರಿನ ಸ್ಥಿತಿ ಇದೇ ಅಲ್ಲವೇ? ಅದು ಸಾಗುವಾಗ ರೋಟರ್ ತಿರುಗುತ್ತಿರುವುದಿಲ್ಲ. ಗಂಟೆ ಎಣಿಸುವ ಮೀಟರು ಕಡಿಮೆ ತೋರಿಸಿದ ಮಾತ್ರಕ್ಕೆ ಬೇರಿಂಗ್ ಹೊಸದಿದೆ ಎಂದುಕೊಳ್ಳುವಂತಿಲ್ಲ. ರೋಟರನ್ನು ಕೈಯಿಂದ ನಿಧಾನ ತಿರುಗಿಸಿದಾಗ ಸಮಾನ ಅಂತರದಲ್ಲಿ ‘ಕಟ್ ಕಟ್’ ಎಂದು ಬೆರಳಿಗೆ ತಾಗಿದರೆ ಬದಲಿಸಿಬಿಡಿ.

ಕಾಗದಪತ್ರದ ಮಾತು ಚಿಕ್ಕದು, ಮರೆತರೆ ದುಬಾರಿ. ಸೇನಾ ವಾಹನಗಳ ನೋಂದಣಿ ಮೋಟಾರು ವಾಹನ ಕಾಯ್ದೆ 1988ರ 60ನೇ ಸೆಕ್ಷನ್ನಿನಡಿ ನಡೆಯುತ್ತದೆ. ಮೇಲ್ಮುಖ ಬಾಣದ ಗುರುತಿನ ಆ ನಂಬರು ಸೇನೆಯನ್ನು ಬಿಟ್ಟ ದಿನಕ್ಕೇ ಮುಗಿಯಿತು. ನಂತರ ಸಾಮಾನ್ಯ ವಾಹನದ ನಿಯಮವೇ ಅನ್ವಯ. ಮೋಟಾರು ವಾಹನ ಎಳೆಯುವ ಟ್ರೇಲರಿಗೂ ಬೇರೆಯೇ ನೋಂದಣಿ ಬೇಕು. ಹರಾಜಿನ ಬಿಡುಗಡೆ ಪತ್ರವಿಲ್ಲದೆ ಕೊಂಡ ಟ್ರೇಲರನ್ನು ಅಂಗಳದಲ್ಲಿ ನಿಲ್ಲಿಸಿ ಉಪಯೋಗಿಸಬಹುದೇ ಹೊರತು ರಸ್ತೆಗೆ ಇಳಿಸುವಂತಿಲ್ಲ.

ಈಗ ಎಂಜಿನ್ ಓಡುತ್ತಿದೆ, ವೋಲ್ಟ್ ಮೀಟರಿನ ಮುಳ್ಳು ಮಾತ್ರ ಏಳುತ್ತಿಲ್ಲ ಎಂದುಕೊಳ್ಳಿ. ವೈಂಡಿಂಗ್ ಸುಟ್ಟಿದೆ ಎಂದು ತೀರ್ಮಾನಿಸಿ ತಾಮ್ರ ಬಿಚ್ಚಲು ಕೊಡುವ ಮುನ್ನ 1867ಕ್ಕೆ ಹೋಗಿಬರಬೇಕು. ಜನರೇಟರಿಗೆ ವಿದ್ಯುತ್ ಹುಟ್ಟಿಸಲು ಕಾಂತಕ್ಷೇತ್ರ ಬೇಕು, ಕಾಂತಕ್ಷೇತ್ರ ಹುಟ್ಟಿಸಲು ವಿದ್ಯುತ್ ಬೇಕು. ಮೊದಲು ಯಾವುದು? ವೆರ್ನರ್ ಸೀಮೆನ್ಸ್ ಆ ವರ್ಷ ಬರ್ಲಿನ್ನಿನ ವಿದ್ವತ್ ಸಭೆಯ ಮುಂದಿಟ್ಟ ಉತ್ತರ: ಕಬ್ಬಿಣದಲ್ಲಿ ಹಿಂದಿನ ಸಲದ ಕಾಂತತೆ ಚೂರು ಉಳಿದಿರುತ್ತದೆ. ಅದು ಚೂರು ವಿದ್ಯುತ್ ಹುಟ್ಟಿಸುತ್ತದೆ, ಆ ವಿದ್ಯುತ್ ಕಾಂತವನ್ನು ಬಲಪಡಿಸುತ್ತದೆ, ಹೀಗೆ ಒಂದನ್ನೊಂದು ಎತ್ತಿಕೊಂಡು ಮೇಲೇರುತ್ತವೆ. ಗೋದಾಮಿನಲ್ಲಿ ಹತ್ತಾರು ವರ್ಷ ನಿಂತು, ಲಾರಿಯಲ್ಲಿ ಕುಲುಕಾಡಿದ ಯಂತ್ರದಲ್ಲಿ ಈ ಉಳಿಕೆ ಮಾಯವಾಗಿರಬಹುದು. ಮದ್ದು ಸರಳ. ವೋಲ್ಟೇಜ್ ರೆಗ್ಯುಲೇಟರಿನ ತಂತಿ ಬಿಡಿಸಿ, ಧನ-ಋಣ ನೋಡಿಕೊಂಡು, ಫೀಲ್ಡ್ ಸುರುಳಿಗೆ 12 ವೋಲ್ಟ್ ಬ್ಯಾಟರಿಯನ್ನು ಕೆಲವು ಸೆಕೆಂಡು ತಾಗಿಸಿದರೆ ಸಾಕು. ಇದಕ್ಕೂ ಮೊದಲು, ನಿರೋಧಕತೆ ಅಳೆಯುವ ಮೆಗ್ಗರ್ ಹಾಕಿ ವೈಂಡಿಂಗಿನ ತೇವ ಪರೀಕ್ಷಿಸಿರಬೇಕು. ಅಂಕಿ ಕಡಿಮೆ ಬಂದರೆ ತಗಡು ಮುಚ್ಚಿ, ಒಳಗೆ ಬಲ್ಬು ಉರಿಸಿ, ದಿನಗಟ್ಟಲೆ ಒಣಗಿಸಬೇಕು.

ಒಣಗಿಸಿ, ಕಾಂತ ತುಂಬಿ, ಎಲ್ಲ ಮಾಡಿದರೂ ಉಪಯೋಗಕ್ಕೆ ಬಾರದ ಒಂದು ಬಗೆಯ ಯಂತ್ರವಿದೆ. ಹರಾಜಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮುನ್ನ ಪಟ್ಟಿಯಲ್ಲಿ ‘ಹರ್ಟ್ಸ್’ ಎಷ್ಟಿದೆ ನೋಡಿ. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಸಲ ತೂಗುತ್ತದೆ. ವಿಮಾನ, ರೇಡಾರ್‌ಗಳ ವಿದ್ಯುತ್ತು 400 ಸಲ. ಕಾರಣ ತೂಕ: ತೂಗಾಟ ಹೆಚ್ಚಿದಷ್ಟೂ ಟ್ರಾನ್ಸ್‌ಫಾರ್ಮರಿಗೆ ಬೇಕಾದ ಕಬ್ಬಿಣ ಕಡಿಮೆ, ಹಾರುವ ಯಂತ್ರಕ್ಕೆ ಪ್ರತಿ ಕಿಲೋ ಮುಖ್ಯ. ಇಂಥ ಜನರೇಟರಿಗೆ 50 ಹರ್ಟ್ಸಿನ ನೀರಿನ ಪಂಪ್ ಜೋಡಿಸಿದರೆ, ಅದರ ಸುರುಳಿ ಎಂಟು ಪಟ್ಟು ತಡೆ ಒಡ್ಡುತ್ತದೆ, ಮೋಟರ್ ಗುಂಯ್‌ಗುಟ್ಟುವುದೇ ಹೊರತು ತಿರುಗುವುದಿಲ್ಲ. ಹೀಟರ್, ಹಳೆಯ ಬಲ್ಬು ಮಾತ್ರ ಇದನ್ನು ಸಹಿಸುತ್ತವೆ. ಎಂಜಿನ್ ವೇಗ ಇಳಿಸಿ 400ನ್ನು 50 ಮಾಡೋಣವೇ? 24 ಧ್ರುವಗಳ ರೋಟರನ್ನು ನಿಮಿಷಕ್ಕೆ 2000 ಸುತ್ತಿನಿಂದ 250ಕ್ಕೆ ಇಳಿಸಬೇಕಾಗುತ್ತದೆ, ಯಾವ ಡೀಸೆಲ್ ಎಂಜಿನ್ನೂ ಅಲ್ಲಿ ಬದುಕಿರದು. ಎಂಜಿನ್ ಇಟ್ಟುಕೊಂಡು ಆಲ್ಟರ್ನೇಟರನ್ನು ಬದಲಿಸುವುದೊಂದೇ ದಾರಿ.

ಅಮೆರಿಕದ 60 ಹರ್ಟ್ಸ್ ಯಂತ್ರ ಇಷ್ಟು ಹಟಮಾರಿಯಲ್ಲ. 1800 ಸುತ್ತನ್ನು 1500ಕ್ಕೆ ಇಳಿಸಿದರೆ 50 ಬರುತ್ತದೆ. ಜೊತೆಗೆ ವೋಲ್ಟೇಜೂ ಆರನೆಯ ಒಂದು ಪಾಲು ಇಳಿದು 240 ಇದ್ದದ್ದು 200 ಆಗುತ್ತದೆ. ರೆಗ್ಯುಲೇಟರ್ ತಿರುಗಿಸಿ ಮತ್ತೆ 240ಕ್ಕೆ ಏರಿಸಿದರೆ ಕಬ್ಬಿಣ ಕಾಂತತೆಯಿಂದ ತುಂಬಿ ತುಳುಕಿ, ಸುರುಳಿ ಕಾಯುತ್ತದೆ. ನಿರೋಧಕ ಪದರದ ಲೆಕ್ಕ ಕಟುವಾದದ್ದು: ಸ್ಥೂಲವಾಗಿ ಪ್ರತಿ 10 ಡಿಗ್ರಿ ಹೆಚ್ಚುವರಿ ಬಿಸಿಗೆ ಆಯಸ್ಸು ಅರ್ಧ. ಕಡಿಮೆ ಭಾರಕ್ಕೆ ತೃಪ್ತಿಪಟ್ಟರೆ ಮಾತ್ರ ಇದು ಬಾಳುತ್ತದೆ.

ಸ್ಟಾರ್ಟ್ ಮಾಡುವ ಬ್ಯಾಟರಿ ಸೇನೆಯಲ್ಲಿ ಸಾಮಾನ್ಯವಾಗಿ 24 ವೋಲ್ಟಿನದು, ಅಂದರೆ 12ರ ಎರಡು ಬ್ಯಾಟರಿ ಸಾಲಾಗಿ. ಪೇಟೆಯ 12 ವೋಲ್ಟ್ ದೀಪವನ್ನು ಅದರಲ್ಲೊಂದಕ್ಕೆ ಸಿಕ್ಕಿಸುವ ಬುದ್ಧಿವಂತಿಕೆ ಬೇಡ. ಒಂದು ಬರಿದಾಗುತ್ತ ಹೋಗುತ್ತದೆ, ಇನ್ನೊಂದು ಅತಿಯಾಗಿ ಚಾರ್ಜಾಗಿ ಕುದಿಯುತ್ತದೆ.

ಎಲ್ಲ ಕೂಡಿಸಿದ ಮೇಲೆ ಪರೀಕ್ಷೆ. ಖಾಲಿ ಓಡುವಾಗ 52 ಹರ್ಟ್ಸ್, ಪೂರ್ತಿ ಭಾರ ಹೊತ್ತಾಗ 50: ಎಂಜಿನ್ ವೇಗ ಕಾಯುವ ಹಳೆಯ ಯಾಂತ್ರಿಕ ಗವರ್ನರ್ ಆರೋಗ್ಯವಾಗಿದೆ ಎನ್ನಲು ಶೇಕಡಾ ನಾಲ್ಕರ ಈ ಇಳಿತವೇ ಸಾಕ್ಷಿ. ಭಾರ ಹಾಕಿದ ತಕ್ಷಣ 46ಕ್ಕೆ ಕುಸಿದರೆ ಫಿಲ್ಟರ್, ನಾಝಲ್, ಪಂಪ್ ಎಂಬ ಕ್ರಮದಲ್ಲಿ ಹುಡುಕಬೇಕು. ಪೂರ್ತಿ ಭಾರ ಎಲ್ಲಿಂದ ತರುವುದು? ದೊಡ್ಡ ಕಂಪನಿಗಳಲ್ಲಿ ಇದಕ್ಕೆಂದೇ ಹೀಟರ್ ಪೆಟ್ಟಿಗೆಗಳಿರುತ್ತವೆ. ಸಣ್ಣ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಡ್ರಮ್ಮಿನ ಉಪ್ಪುನೀರಿಗೆ ಲೋಹದ ಹಲಗೆಗಳನ್ನು ಇಳಿಸುತ್ತಾರೆ. ಹಲಗೆ ಆಳಕ್ಕಿಳಿದಷ್ಟೂ ಭಾರ ಹೆಚ್ಚು. ವಿಜ್ಞಾನ ಪಕ್ಕಾ, ಅಪಾಯವೂ ಅಷ್ಟೇ ಪಕ್ಕಾ. ಡ್ರಮ್ಮಿನ ನೀರಿನಲ್ಲೇ ವಿದ್ಯುತ್ ಇರುತ್ತದೆ, ತಿಳಿದವರು ಎದುರಿಗೆ ನಿಂತಿರದೆ ಇದನ್ನು ಮಾಡಬಾರದು.

ಭಾರದ ಈ ಮಾತು ಪರೀಕ್ಷೆಯ ದಿನಕ್ಕೆ ಮುಗಿಯುವುದಿಲ್ಲ. ಡೀಸೆಲ್ ಎಂಜಿನ್ ಕಡಿಮೆ ಕೆಲಸದಲ್ಲಿ ಕಾಯಿಲೆ ಬೀಳುವ ಪ್ರಾಣಿ. ಸಾಮರ್ಥ್ಯದ ಮೂರನೆಯ ಒಂದು ಪಾಲಿಗಿಂತ ಕಡಿಮೆ ಭಾರದಲ್ಲಿ ಗಂಟೆಗಟ್ಟಲೆ ಓಡಿದರೆ ಸಿಲಿಂಡರ್ ಸಾಕಷ್ಟು ಕಾಯುವುದಿಲ್ಲ. ಅರೆಬೆಂದ ಡೀಸೆಲ್ ಮಸಿಯ ಜೊತೆ ಬೆರೆತು ಸೈಲೆನ್ಸರಿನಿಂದ ಕಪ್ಪು ಜಿಡ್ಡಾಗಿ ಸೋರುತ್ತದೆ. ಪಿಸ್ಟನ್ನಿನ ರಿಂಗುಗಳು ಅಂಟಿಕೊಳ್ಳುತ್ತವೆ. ಸೇನೆ 30 ಕೆವಿಎ ಜನರೇಟರ್ ಇಟ್ಟಿದ್ದು ಅಷ್ಟು ಭಾರ ಹೊರಿಸಲೆಂದೇ. ಅದೇ ಯಂತ್ರ ಇಂದು ಮದುವೆ ಛತ್ರಕ್ಕೆ ಬಂದರೆ ಹೊರುವುದೇನು? ಹಿಂದೆ ಸಾವಿರ ವಾಟಿನ ಹ್ಯಾಲೊಜೆನ್ ಸಾಲುಗಳಿದ್ದವು, ಈಗ ಇಡೀ ಚಪ್ಪರಕ್ಕೆ ಎಲ್‌ಇಡಿ. ಹಳೆಯ ದೊಡ್ಡ ಜನರೇಟರಿಗೆ ಮಸಿ ಕಟ್ಟುವ ರೋಗ ತಂದದ್ದರಲ್ಲಿ ಈ ಮಿತವ್ಯಯದ ದೀಪಕ್ಕೂ ಪಾಲಿದೆ. ಇದಕ್ಕೆ ಒಂದೋ ಚಿಕ್ಕ ಯಂತ್ರ ಕೊಳ್ಳಬೇಕು, ಇಲ್ಲವೇ ತಿಂಗಳಿಗೊಮ್ಮೆ ನೀರು ಕಾಯಿಸುವ ಹೀಟರುಗಳನ್ನು ಜೋಡಿಸಿ ಮುಕ್ಕಾಲು ಭಾರದಲ್ಲಿ ಒಂದೆರಡು ಗಂಟೆ ಓಡಿಸಬೇಕು, ಹೊಗೆಕೊಳವೆಯ ಜಿಡ್ಡು ಸುಟ್ಟು ಹೊಗೆ ತಿಳಿಯಾಗುವವರೆಗೆ.